ಡೆಮಿ 1/8ಕ್ಕೆ ಒಂಬತ್ತೂವರೆ ಅಂಗುಲ

ಕನ್ನಡ ಪುಸ್ತಕಗಳಲ್ಲಿ ಯಾರೂ ಓದದ ಪುಟ ಒಂದಿರುತ್ತದೆ. ಶೀರ್ಷಿಕೆಯ ಹಾಳೆ ಮಗುಚಿದರೆ ಅದರ ಬೆನ್ನಿಗೇ ಇರುವ ಪುಟ. ಪ್ರಕಾಶಕರ ವಿಳಾಸ, ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಹಕ್ಕು ಯಾರದು, ಬೆಲೆ ಎಷ್ಟು, ಕಾಗದ ಎಷ್ಟು ಜಿಎಸ್‌ಎಂ. ಇವುಗಳ ನಡುವೆ ‘ಡೆಮಿ 1/8’ ಎಂದೋ ‘ಕ್ರೌನ್ 1/8’ ಎಂದೋ ಒಂದು ಮಾತು ಕೂತಿರುತ್ತದೆ. ಓದುವವನಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಕಪಾಟು ಮಾಡುವ ಆಚಾರ್ರಿಗೆ ಇಡೀ ಪುಸ್ತಕದಲ್ಲಿ ಬೇಕಾದ್ದು ಅದೊಂದೇ.

ಡೆಮಿ 1/8 ಎಂದರೆ ಎಂಟೂವರೆ ಅಂಗುಲ ಎತ್ತರ, ಐದೂವರೆ ಅಂಗುಲ ಅಗಲ. ಕಾದಂಬರಿ, ಕಥಾಸಂಕಲನ, ವಿಮರ್ಶೆ, ಆತ್ಮಕಥೆ ಎಲ್ಲ ಬಹುಪಾಲು ಈ ಅಳತೆಯವು. ಕ್ರೌನ್ ಅದಕ್ಕಿಂತ ಒಂದಂಗುಲದಷ್ಟು ಗಿಡ್ಡ. ಹಳೆಯ ಕಾಲದ ಅಗ್ಗದ ಆವೃತ್ತಿಗಳು, ಪುಟ್ಟ ಕವನದ ಪುಸ್ತಕಗಳು ಅದರಲ್ಲಿ ಸಿಗುತ್ತವೆ. ನಿಂತ ಪುಸ್ತಕದ ತಲೆಯ ಮೇಲೆ ಬೆರಳು ತೂರಿಸಿ ಹಿಂದಿನಿಂದ ಎಳೆದುಕೊಳ್ಳಲು ಒಂದಂಗುಲ ಜಾಗ ಬೇಕು. ಅಲ್ಲಿಗೆ ಒಂದು ಅಂಕಣದ ಎತ್ತರ ಒಂಬತ್ತೂವರೆ ಅಂಗುಲ ಎಂದು ತೀರ್ಮಾನವಾಯಿತು. ಅಂಗಡಿಯಲ್ಲಿ ಸಿಗುವ ಕಪಾಟುಗಳಲ್ಲಿ ಅಂಕಣ ಹದಿಮೂರೋ ಹದಿನಾಲ್ಕೋ ಅಂಗುಲ ಇರುವುದು ನೋಡಿದ್ದೇನೆ. ಪುಸ್ತಕದ ತಲೆಯ ಮೇಲೆ ಉಳಿದ ಆ ಖಾಲಿ ಜಾಗದಲ್ಲಿ ಮದುವೆ ಕರೆಯೋಲೆ, ಔಷಧಿ ಚೀಟಿ, ಚಾರ್ಜರಿನ ವೈರು ಬಂದು ಸೇರುತ್ತವೆ.

“ಪುಸ್ತಕ ಎಷ್ಟಿದಾವೆ ಅಂತ ಬ್ಯಾಡ ಮೇಷ್ಟ್ರೇ. ಎಷ್ಟೆತ್ತರ ಇದಾವೆ, ಅದು ಹೇಳಿ” ಅಂದರು ಆಚಾರ್ರು.

ತೀರ್ಥಹಳ್ಳಿ ಸೀಮೆಯ ಒಂದು ಮನೆಯ ಅಂಗಳ. ಮಳೆ ಹಿಂದೆಗೆದಿದೆ, ಅಡಿಕೆ ಕೊಯ್ಲು ಇನ್ನೂ ಶುರುವಾಗಿಲ್ಲ. ಅಡಿಕೆ ಹರವುವ ಅಟ್ಟಣಿಗೆಯ ಅಡಿ ಸದ್ಯ ಖಾಲಿ. ಅಲ್ಲಿ ನೆಲಕ್ಕೆ ಗೋಣಿ ಹಾಸಿ ಕೂತ ಆಚಾರ್ರಿಗೆ ಅರವತ್ತು ದಾಟಿದೆ. ಮಗ ಪೇಟೆಯಲ್ಲಿ ಮಿಷಿನ್ ಹಾಕಿಕೊಂಡಿದ್ದಾನೆ. ಕಿಟಕಿ ಬಾಗಿಲಿಗೆ ಪುರುಸೊತ್ತಿಲ್ಲದಷ್ಟು ಕೆಲಸ. ಅಪ್ಪ ಮಾತ್ರ ಚೀಲ ಹೆಗಲಿಗೇರಿಸಿಕೊಂಡು ಕರೆದವರ ಮನೆಗೆ ಹೋಗುವ ಹಳೆಯ ರೂಢಿಯವರು. ಮಧ್ಯಾಹ್ನದ ಊಟ ಕೆಲಸದ ಮನೆಯಲ್ಲೇ, ಎರಡು ಹೊತ್ತು ಕಾಫಿ, ಕವಳದ ತಟ್ಟೆ ಕೈಗೆಟಕುವಲ್ಲಿ ಇರಬೇಕು.

ಚೀಲ ಬಿಚ್ಚಿದರೆ ಹತ್ಯಾರು ಒಂದೊಂದಾಗಿ ಹೊರಗೆ ಬರುತ್ತವೆ. ಎರಡು ಗರಗಸ: ಒಂದು ಎಳೆಯ ಉದ್ದಕ್ಕೆ ಸೀಳಲು, ಇನ್ನೊಂದು ಅಡ್ಡ ಕೊಯ್ಯಲು. ಉದ್ದದ್ದು, ನಡುವಿನದ್ದು, ಅಂಗೈಯಗಲದ್ದು ಎಂದು ಮೂರು ಹತ್ತರಿ. ಮೂರನ್ನೂ ಬೀಟೆಯ ತುಂಡಿನಲ್ಲಿ ಅವರೇ ಮಾಡಿಕೊಂಡದ್ದು. ಘಟ್ಟದ ಕೆಳಗಿನವರು ಕೀಸುಳಿ ಅನ್ನುವುದು ಇದನ್ನೇ. ಕಾಲಂಗುಲದಿಂದ ಒಂದೂವರೆ ಅಂಗುಲದವರೆಗಿನ ಉಳಿಗಳು, ಹುಣಸೆ ಮರದ ಕೊಡತಿ, ಮೂಲೆಮಟ್ಟ, ಬೈರಿಗೆ, ಗರಗಸದ ಹಲ್ಲು ತಿದ್ದುವ ಮುಮ್ಮೂಲೆ ಅರ, ಸಾಣೆಕಲ್ಲು. ಬಾಚಿಯೂ ಇದೆ, ಆದರೆ ಈ ಕೆಲಸಕ್ಕೆ ಅದು ಬೇಕಾಗಲಿಲ್ಲ. ಟೇಪು ಇದೆ. ಅದನ್ನು ಒಂದೇ ಸಲ ತೆಗೆದರು.

ತೆಗೆದದ್ದು ಒಂದು ಬಿದಿರಿನ ದಬ್ಬೆಗೆ ಗುರುತು ಹಾಕಲು. ಕಪಾಟಿನ ಪೂರ್ತಿ ಎತ್ತರ 5 ಅಡಿ, ಅಂದರೆ 60 ಅಂಗುಲ. ನೆಲದಿಂದ ಮೂರಂಗುಲ ಪೀಠ. ಆರು ಅಡ್ಡ ಹಲಗೆ, ಒಂದೊಂದೂ ಆರು ನೂಲು ದಪ್ಪ. ಎಂಟು ನೂಲಿಗೆ ಒಂದಂಗುಲ ಎಂಬ ಲೆಕ್ಕದಲ್ಲಿ ಆರಕ್ಕೆ ನಾಲ್ಕೂವರೆ ಅಂಗುಲ ಹೋಯಿತು. ಉಳಿದ 52.5 ಅಂಗುಲದಲ್ಲಿ ಐದು ಅಂಕಣ. ಮೇಲಿನ ಎರಡು ಒಂಬತ್ತೂವರೆಯವು, ಅದರ ಕೆಳಗೆ ಹತ್ತು, ಆಮೇಲೆ ಹತ್ತೂವರೆ, ತಳದ್ದು ಹದಿಮೂರು. ತಳದಲ್ಲಿ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನಂಥ ಭಾರಿ ಆಸಾಮಿಗಳು ಕೂರಬೇಕು. ಭಾರ ಕೆಳಗಿದ್ದರೆ ಕಪಾಟು ಮುಗ್ಗರಿಸುವುದಿಲ್ಲ. ಇಷ್ಟನ್ನೂ ದಬ್ಬೆಯ ಮೇಲೆ ಚೂರಿಯಲ್ಲಿ ಗೀರಿ, ಟೇಪನ್ನು ಸುರುಳಿ ಸುತ್ತಿ ಚೀಲದೊಳಗೆ ಇಟ್ಟರು. ಇನ್ನು ಮೇಲೆ ಕಪಾಟಿನ ಜಾತಕ ಆ ದಬ್ಬೆ. ಅಂಕಿ ಓದಿ, ನೆನಪಿಟ್ಟು, ಮತ್ತೆ ಬರೆಯುವ ಮೂರು ಹೆಜ್ಜೆಗಳಲ್ಲಿ ಎಲ್ಲಾದರೂ ಒಂದು ತಪ್ಪು ನುಸುಳುತ್ತದೆ. ದಬ್ಬೆಯನ್ನು ಮರದ ಮೇಲಿಟ್ಟು ಗೀರು ಹಾಕುವಲ್ಲಿ ನುಸುಳಲು ಸಂದೇ ಇಲ್ಲ.

ಮರ ಹಲಸು. ಹಿತ್ತಿಲಲ್ಲಿ ಗಾಳಿಮಳೆಗೆ ಬುಡಮೇಲಾದದ್ದು. ಬೊಡ್ಡೆಯನ್ನು ಸಾಮಿಲ್ಲಿಗೆ ಒಯ್ದು ಒಂದಂಗುಲದ ಹಲಗೆ ಸೀಳಿಸಿ, ನಡುನಡುವೆ ರೀಪು ಕೊಟ್ಟು, ಅಡುಗೆಮನೆಯ ಅಟ್ಟದಲ್ಲಿ ಪೇರಿಸಿಟ್ಟಿತ್ತು. ಅಂಗುಲ ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎಂಬುದು ಬಡಗಿಗಳ ಲೆಕ್ಕ. ಕಾಡಿನವರಿಗೂ ನಾಡಿನವರಿಗೂ ಸಾಗುವಾನಿ ದೊಡ್ಡ ಮರ, ನಿಜ. ಆದರೆ ಪುಸ್ತಕದ ಕಪಾಟಿಗೆ ಸಾಗುವಾನಿಯೇ ಆಗಬೇಕು ಎಂಬ ಹಟ ನನಗೆ ಅರ್ಥವಾಗಿಲ್ಲ. ಅದರ ಮೈಯಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಹತ್ತರಿಯ ಅಲಗು ಬೇಗ ಮೊಂಡಾಗುತ್ತದೆ. ಬೆಲೆಯ ಮಾತು ಬೇರೆ. ಹಲಸು ಮಣಿಯುವ ಮರ. ಹೊಸದಾಗಿ ಕೊಯ್ದಾಗ ಕಣ್ಣಿಗೆ ಹೊಡೆಯುವ ಹಳದಿ, ಬೆಳಕು ತಾಗುತ್ತ ವರ್ಷ ಕಳೆದಂತೆ ಕೆಂಪು ಕಂದು. ಬರ್ಮಾ, ಥಾಯ್ಲೆಂಡಿನ ಬೌದ್ಧ ಭಿಕ್ಷುಗಳ ವಸ್ತ್ರಕ್ಕೆ ಬಣ್ಣ ಬರುತ್ತಿದ್ದದ್ದು ಇದರ ಕೆಚ್ಚಿನ ಚೂರನ್ನು ಕುದಿಸಿ. ವೀಣೆಯ ಕೊಡ ಕೊರೆಯುವುದೂ ಇದರಲ್ಲೇ. ಕೆಚ್ಚನ್ನು ಗೆದ್ದಲು ಸುಲಭಕ್ಕೆ ಮುಟ್ಟದು. ಕೆಚ್ಚಿನ ಹೊರಗಿನ ಬಿಳಿ ಭಾಗಕ್ಕೆ ಮಾತ್ರ ಕುಟ್ಟೆ ಹಿಡಿಯುತ್ತದೆ. ಆಚಾರ್ರು ಅದನ್ನು ಗರಗಸ ಹಿಡಿದು ಮುಲಾಜಿಲ್ಲದೆ ತೆಗೆದುಹಾಕಿದರು. ಹನ್ನೊಂದು ಅಂಗುಲದ ಹಲಗೆ ಒಂಬತ್ತಕ್ಕೆ ಇಳಿಯಿತು.

ಒಂಬತ್ತು ಅಂಗುಲ ಆಳ ಸಾಕು. ಡೆಮಿ ಪುಸ್ತಕಕ್ಕೆ ಏಳಾದರೂ ನಡೆಯುತ್ತದೆ. ಹನ್ನೆರಡು ಅಂಗುಲ ಆಳದ ಕಪಾಟು ಮಾಡಿಸಿಕೊಂಡವರು ಮೊದಲು ಒಂದು ಸಾಲು ಇಡುತ್ತಾರೆ, ಜಾಗ ಕಂಡದ್ದೇ ಅದರ ಮುಂದೆ ಇನ್ನೊಂದು ಸಾಲು. ಹಿಂದಿನ ಸಾಲಿನ ಪುಸ್ತಕಗಳು ಆ ಮನೆಯಲ್ಲಿ ಇದ್ದೂ ಇಲ್ಲದವು. ಎಷ್ಟೋ ಮನೆಗಳಲ್ಲಿ ಒಂದೇ ಕಾದಂಬರಿಯ ಎರಡೆರಡು ಪ್ರತಿ ಸಿಗುವುದರ ಗುಟ್ಟು ಇದು.

ಇನ್ನು ಅಗಲ. ಒಳಗಿಂದ ಒಳಗೆ ಎರಡೂವರೆ ಅಡಿ, ಅದಕ್ಕಿಂತ ಒಂದಂಗುಲವೂ ಹೆಚ್ಚಿಗೆ ಕೊಡಲು ಆಚಾರ್ರು ಒಪ್ಪಲಿಲ್ಲ. ಅವರಿಗೆ ಇದು ಅನುಭವದ ಮಾತು. ಲೆಕ್ಕ ಹಾಕಿದರೂ ಉತ್ತರ ಅದೇ. 70 ಜಿಎಸ್‌ಎಂ ಕಾಗದದ, 250 ಪುಟಗಳ ಡೆಮಿ ಪುಸ್ತಕ ಮುನ್ನೂರು ಗ್ರಾಂ ಹತ್ತಿರ ತೂಗುತ್ತದೆ. ಎರಡೂವರೆ ಅಡಿಯಲ್ಲಿ ಅಂಥವು ಐವತ್ತಕ್ಕೂ ಮೇಲೆ ನಿಲ್ಲುತ್ತವೆ. ಒಂದು ಹಲಗೆಯ ಮೇಲೆ ಹದಿನೈದು ಹದಿನಾರು ಕಿಲೋ ಭಾರ ಹಗಲಿರುಳು ಕೂತೇ ಇರುತ್ತದೆ. ಮನುಷ್ಯ ಕುರ್ಚಿಯಿಂದ ಏಳುತ್ತಾನೆ, ಪುಸ್ತಕ ಏಳುವುದಿಲ್ಲ. ಹಲಗೆಯ ಉದ್ದವನ್ನು ದುಪ್ಪಟ್ಟು ಮಾಡಿ ಅದೇ ರೀತಿ ಪುಸ್ತಕ ತುಂಬಿದರೆ ಅದು ಬಗ್ಗುವುದು ಎರಡರಷ್ಟಲ್ಲ, ಹದಿನಾರರಷ್ಟು. ದಪ್ಪವನ್ನು ದುಪ್ಪಟ್ಟು ಮಾಡಿದರೆ ಬಗ್ಗುವುದು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ನಾಲ್ಕಡಿ ಅಗಲದ ಚೆಂದದ ಕಪಾಟು ಮಾಡಿಸಿದವರ ಮನೆಯಲ್ಲಿ ನಾಲ್ಕು ವರ್ಷ ಬಿಟ್ಟು ಹೋಗಿ ನೋಡಿ: ಒದ್ದೆ ಬಟ್ಟೆ ಹರವಿದ ಹಗ್ಗದ ಹಾಗೆ ಹಲಗೆಗಳೆಲ್ಲ ನಡುವೆ ಜೋತುಬಿದ್ದಿರುತ್ತವೆ.

ಬೆಳಗಿನ ಮೊದಲ ಕೆಲಸ ಸಾಣೆ. ಕಲ್ಲಿಗೆ ನೀರು ಚಿಮುಕಿಸಿ, ಅಲಗಿನ ಇಳಿಜಾರನ್ನು ಪೂರ್ತಿ ಕಲ್ಲಿಗೆ ಕೂರಿಸಿ, ಮಣಿಕಟ್ಟು ಅಲುಗದಂತೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. ಕಲ್ಲಿನ ಮೇಲೆ ಕಪ್ಪು ಕೆಸರು ಕೂಡುತ್ತದೆ. ಅಲಗಿನ ಬೆನ್ನಿಗೆ ಬೆರಳು ಸವರಿದರೆ ಸಣ್ಣ ತರಿ ತಾಗಬೇಕು. ತರಿ ತಾಗಿತೆಂದರೆ ಈ ಬದಿ ಮುಗಿಯಿತು. ಮಗುಚಿ, ಬೆನ್ನನ್ನು ಕಲ್ಲಿಗೆ ಚಪ್ಪಟೆಯಾಗಿ ಒತ್ತಿ ನಾಲ್ಕೆಳೆತ, ತರಿ ಉದುರಿತು. ಮುಂಗೈಯ ಕೂದಲ ಮೇಲೆ ಆಡಿಸಿ ನೋಡುತ್ತಾರೆ. ಆಚಾರ್ರ ಎಡ ಮುಂಗೈಯಲ್ಲಿ ಒಂದು ಪಟ್ಟಿ ಯಾವಾಗಲೂ ಬೋಳು. ಈ ಕೆಲಸ ದಿನಕ್ಕೊಮ್ಮೆ ಮಾಡಿ ಮುಗಿಸುವಂಥದಲ್ಲ, ಹೊತ್ತುಹೊತ್ತಿಗೆ ಎದ್ದುಹೋಗಿ ಮಾಡುತ್ತಾರೆ. ಕೈಹತ್ಯಾರಿನ ಕೆಲಸ ಕಷ್ಟ ಅನ್ನುವವರಲ್ಲಿ ಹೆಚ್ಚಿನವರು ಮೊಂಡು ಹತ್ಯಾರಿನಲ್ಲಿ ಮಾಡಿ ನೋಡಿದವರು ಎಂದು ನನ್ನ ಗುಮಾನಿ. ಹೊಸದಾಗಿ ಕಲಿಯುವವರು ಗರಗಸಕ್ಕೆ, ಹತ್ತರಿಗೆ ದುಡ್ಡು ಸುರಿಯುವ ಮೊದಲು ಒಂದು ಒಳ್ಳೆಯ ಕಲ್ಲು ಕೊಳ್ಳಲಿ.

ಆಮೇಲೆ ಹತ್ತರಿ. ಅಲಗನ್ನು ಒಳಗಿಟ್ಟು, ಬೆಣೆ ತಟ್ಟಿ, ತಲೆಕೆಳಗು ಮಾಡಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾರೆ. ಅಲಗು ಕೂದಲೆಳೆಯಷ್ಟು ಹೊರಗೆ ಕಾಣಬೇಕು. ಹೆಚ್ಚಾಯಿತೆ, ಹತ್ತರಿಯ ಹಿಂತುದಿಗೆ ಸುತ್ತಿಗೆಯ ಒಂದು ಪೆಟ್ಟು, ಅಲಗು ಮೇಲೆ ಸರಿಯಿತು. ಕಮ್ಮಿಯಾಯಿತೆ, ಅಲಗಿನ ತಲೆಗೇ ಪೆಟ್ಟು. ಸ್ಕ್ರೂ ಇಲ್ಲ, ಅಂಕಿ ಇಲ್ಲ, ಕಿವಿಗೆ ಕೇಳುವ ಶಬ್ದದ ಮೇಲೆ ಎಲ್ಲ ನಡೆಯುತ್ತದೆ.

ಹಲಗೆ ತಿರುಚಿಕೊಂಡಿದೆಯೇ ಎಂದು ನೋಡುವ ಕ್ರಮ ಬಲು ಸರಳ. ನೇರವಾದ ಎರಡು ಪಟ್ಟಿ ತೆಗೆದುಕೊಂಡು ಹಲಗೆಯ ಈ ತುದಿಗೊಂದು ಆ ತುದಿಗೊಂದು ಅಡ್ಡ ಇಡುತ್ತಾರೆ. ಕುಕ್ಕರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ಎರಡೂ ಪಟ್ಟಿಗಳ ಮೇಲಂಚನ್ನು ಜೋಡಿಸಿ ನೋಡುತ್ತಾರೆ. ಒಂದರ ಹಿಂದೆ ಒಂದು ಪೂರ್ತಿ ಮರೆಯಾದರೆ ಹಲಗೆ ಸಮ. ಯಾವ ಮೂಲೆಯಲ್ಲಿ ಹಿಂದಿನ ಪಟ್ಟಿ ಇಣುಕುತ್ತದೋ ಆ ಮೂಲೆ ಎತ್ತರ. ಅಲ್ಲಿಗೆ ಇದ್ದಿಲಿನ ಒಂದು ಗೆರೆ ಬೀಳುತ್ತದೆ. ಉದ್ದದ ಹತ್ತರಿ ಮೊದಲು ಆ ಗೆರೆಯನ್ನು ತಿನ್ನುತ್ತದೆ.

ಹಲಗೆಯ ಒಂದು ತುದಿ ಗೋಡೆಗೆ ಒತ್ತಿಟ್ಟ ಕೊರಡಿಗೆ ತಾಗಿದೆ, ಇನ್ನೊಂದನ್ನು ಆಚಾರ್ರು ಪಾದದಲ್ಲಿ ಅದುಮಿದ್ದಾರೆ. ಬೆಂಚು, ಶಿಕಂಜ ಏನಿಲ್ಲ. ತಳ್ಳುವುದು ತೋಳಲ್ಲ, ಸೊಂಟ. ಮೊದಲಿಗೆ ಹತ್ತರಿ ತಡೆತಡೆದು ಗರಗರ ಅನ್ನುತ್ತದೆ, ಹುಡಿ ಹುಡಿಯಾಗಿ ಉದುರುತ್ತದೆ. ಉಬ್ಬು ಹೋಗಿ ಮೈ ಸಮವಾಗುತ್ತ ಬಂದಂತೆ ಶಬ್ದ ಉದ್ದವಾಗುತ್ತದೆ. ಕಡೆಗೆ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನ ‘ಸುಂಯ್’. ಹತ್ತರಿಯ ಬಾಯಿಂದ ಹಳದಿ ಸುರುಳಿ ಅಖಂಡವಾಗಿ ಎದ್ದು, ಕೈಯ ಮೇಲೆ ಬಿದ್ದು, ಜಾರಿ ಗೋಣಿಯ ಮೇಲೆ ಸೇರುತ್ತದೆ. ಮನೆಯ ಮಕ್ಕಳು ಅದನ್ನು ಬಳೆ ಮಾಡಿಕೊಂಡು ಓಡುತ್ತವೆ. ಉಳಿದದ್ದು ಸಂಜೆ ಬಚ್ಚಲೊಲೆಗೆ. ಸೀಮೆಎಣ್ಣೆಯ ಹಂಗಿಲ್ಲದೆ ಹಂಡೆಯ ಬೆಂಕಿ ಹತ್ತುತ್ತದೆ.

ನಡುವೆ ಒಂದು ಕಡೆ ಶಬ್ದ ಬದಲಾಯಿತು. ಚರ್ರ್ ಎಂದು ಏನೋ ಕಿತ್ತ ಸದ್ದು. ಆಚಾರ್ರು ನಿಲ್ಲಿಸಿ, ಹಲಗೆಯ ಅಂಚನ್ನು ಬಾಗಿ ನೋಡಿ, ತುದಿ ತಿರುಗಿಸಿಟ್ಟು ಆ ಕಡೆಯಿಂದ ಹೊಡೆಯತೊಡಗಿದರು. ಮರದ ಎಳೆ ಮೇಲಕ್ಕೆ ಏಳುತ್ತ ಹೋಗುವ ದಿಕ್ಕಿನಲ್ಲೇ ಹತ್ತರಿ ಹೋಗಬೇಕು. ಎದುರು ಹೋದರೆ ಅಲಗು ಎಳೆಯ ಕೆಳಗೆ ಹೊಕ್ಕು ಸಿಬಿರು ಎಬ್ಬಿಸುತ್ತದೆ. ಹಲಸಿನಲ್ಲಿ ಕಷ್ಟವೆಂದರೆ ಒಂದೇ ಹಲಗೆಯಲ್ಲಿ ಎಳೆ ಗೇಣು ದೂರ ಈ ಕಡೆ, ಮುಂದಿನ ಗೇಣು ಆ ಕಡೆ. ಅಂಥಲ್ಲಿ ಹತ್ತರಿಯನ್ನು ಓರೆ ಹಿಡಿದು, ಅಲಗನ್ನು ಇನ್ನಷ್ಟು ಒಳಕ್ಕೆಳೆದು, ಸವರಿದ ಹಾಗೆ ಸವರಿ ದಾಟಿಸಬೇಕು. ಮಿಷಿನ್ನಿಗೆ ಈ ಎಳೆ ಕಾಣುವುದಿಲ್ಲ. ಅದು ಕಿತ್ತುಕೊಂಡು ಹೋದದ್ದನ್ನು ಆಮೇಲೆ ಮರಳುಕಾಗದ ಹಾಕಿ ತಿಕ್ಕಿ, ಪುಟ್ಟಿ ತುಂಬಿ ಮುಚ್ಚಬೇಕು. ಬೇಗ ಆಗುವುದು ಮಿಷಿನ್ನಿನಲ್ಲೇ, ಅದರಲ್ಲಿ ವಾದವಿಲ್ಲ. ಹತ್ತು ಕಪಾಟು ಬೇಕಾದವರು ಅಲ್ಲಿಗೇ ಹೋಗಬೇಕು. ಒಂದು ಬೇಕಾದವರ ಮಾತು ನಾನು ಆಡುತ್ತಿರುವುದು.

ಎರಡೂ ಮೈ ಸಮವಾಗುವ ಹೊತ್ತಿಗೆ ಒಂದಂಗುಲದ ಹಲಗೆ ಆರು ನೂಲಿಗೆ ಬಂದು ನಿಂತಿತ್ತು. ಅಳೆಯಲಿಲ್ಲ. ಮೊದಲು ಮುಗಿಸಿದ ಹಲಗೆಯನ್ನು ಪಕ್ಕಕ್ಕಿಟ್ಟು ಬೆರಳು ಹಾಯಿಸಿ ಸಾಕು ಅಂದರು.

ಕಚ್ಚು ತೆಗೆಯುವ ದಿನ ಮಾತು ಕಡಿಮೆ. ಕಪಾಟಿನ ಜೀವ ಇರುವುದು ಇಲ್ಲಿ. ಪಕ್ಕದ ಎರಡು ಹಲಗೆಗಳ ಒಳಮೈಯಲ್ಲಿ ಎರಡೆರಡು ನೂಲು ಆಳದ ಅಡ್ಡ ಕಚ್ಚು ಕೊರೆದು, ಅದರೊಳಗೆ ಅಡ್ಡ ಹಲಗೆಯ ತುದಿ ಕೂರಿಸಬೇಕು. ಭಾರ ಬೀಳುವುದು ಆಗ ಮೊಳೆಯ ಮೇಲಲ್ಲ, ಮರದ ಮೇಲೆ. ಆಚಾರ್ರು ಎರಡು ಪಕ್ಕಗಳನ್ನೂ ಒಂದಕ್ಕೊಂದು ತಾಗಿಸಿ ಮಲಗಿಸಿ, ಬುಡ ಸಮ ಮಾಡಿ, ದಬ್ಬೆಯನ್ನಿಟ್ಟು, ಮೂಲೆಮಟ್ಟ ಹಿಡಿದು ಎರಡರ ಮೇಲೂ ಒಂದೇ ಎಳೆತದಲ್ಲಿ ಗೀರು ಹಾಕಿದರು. ಪೆನ್ಸಿಲಲ್ಲ, ಚೂರಿ. ಪೆನ್ಸಿಲಿನ ಗೆರೆಗೆ ದಪ್ಪ ಇರುತ್ತದೆ, ಆ ದಪ್ಪದ ಯಾವ ಬದಿಗೆ ಕೊಯ್ಯುವುದು ಎಂಬ ಜಿಜ್ಞಾಸೆ ಉಳಿಯುತ್ತದೆ. ಚೂರಿಯ ಗೀರು ಎಳೆಯನ್ನೇ ಕತ್ತರಿಸಿರುವುದರಿಂದ ಗರಗಸ ತಾಗಿದಾಗ ಅಂಚು ಹಿಂಜುವುದೂ ಇಲ್ಲ.

“ಜೋಡೀಲಿ ಗೀರಿದ್ರೆ ಒಂದು ಅನುಕೂಲ ಅದೆ ಮೇಷ್ಟ್ರೇ. ತಪ್ಪಿದ್ರೂ ಎರಡೂ ಕಡೆ ಒಂದೇ ತಪ್ಪು. ಹಲಗೆ ಮಟ್ಟಕ್ಕೇ ಕೂರ್ತದೆ.”

ಕಚ್ಚಿನ ಅಗಲವನ್ನೂ ಅಳೆಯುವುದಿಲ್ಲ. ಒಂದು ಗೀರಿಗೆ ಅಡ್ಡ ಹಲಗೆಯ ತುದಿಯನ್ನೇ ತಂದು ನಿಲ್ಲಿಸಿ, ಅದರ ಇನ್ನೊಂದು ಮಗ್ಗುಲಿಗೆ ಚೂರಿ ತಾಗಿಸಿ ಎರಡನೇ ಗೀರು. ಆ ಹಲಗೆಗೆ ಒಂದು, ಆ ಕಚ್ಚಿಗೂ ಒಂದು ಎಂದು ಕನ್ನಡ ಅಂಕಿಯಲ್ಲಿ ಗುರುತು ಬೀಳುತ್ತದೆ. ಮುಂದಿನದಕ್ಕೆ ಎರಡು. ಒಂದನೆಯ ಹಲಗೆ ಎರಡನೆಯ ಕಚ್ಚಿಗೆ ಹೋಗುವುದಿಲ್ಲ. ಹೋದರೂ ಸಡಿಲ, ಇಲ್ಲವೇ ಬಿಗಿ. ಗೀರಿನ ಒಳಬದಿಗೆ ಒಂದು ಪಟ್ಟಿ ಅದುಮಿ ಹಿಡಿದು, ಅದರ ಆಸರೆಯಲ್ಲಿ ಗರಗಸ ಎರಡು ನೂಲು ಆಳಕ್ಕೆ ಇಳಿಯುತ್ತದೆ. ಎರಡು ಕೊಯ್ತದ ನಡುವಿನ ಮರ ತೆಗೆಯುವುದು ಉಳಿಯ ಪಾಲು. ಒಂದೇ ಕಡೆಯಿಂದ ಹೊಡೆದುಕೊಂಡು ಹೋದರೆ ಆಚೆ ಅಂಚಿನಲ್ಲಿ ಮರ ಸಿಗಿದು ಹಾರುತ್ತದೆ. ಅದಕ್ಕೇ ಈ ಅಂಚಿನಿಂದ ನಡುವಿಗೆ, ಆ ಅಂಚಿನಿಂದ ನಡುವಿಗೆ ಮೇಲ್ಮುಖವಾಗಿ ಹೊಡೆದು, ನಡುವೆ ದಿಬ್ಬ ಉಳಿಸಿಕೊಂಡು, ಕೊನೆಗೆ ಆ ದಿಬ್ಬವನ್ನು ಕೊಡತಿ ಇಲ್ಲದೆ ಅಂಗೈಯಲ್ಲಿ ಒತ್ತಿ ಒತ್ತಿ ಕೆತ್ತುತ್ತಾರೆ. ತಳ ಸಮವಾಯಿತೇ ಎಂದು ಮೂಲೆಮಟ್ಟದ ಅಲಗನ್ನೇ ಕಚ್ಚಿನೊಳಗೆ ಓಡಿಸಿ ನೋಡುತ್ತಾರೆ. ಇಂಥವು ಹನ್ನೆರಡು.

ಬಿಗಿ ಎಷ್ಟಿರಬೇಕು? ಕೈಯಲ್ಲಿ ಒತ್ತಿದರೆ ಅರ್ಧ ಹೋಗಬೇಕು, ಉಳಿದರ್ಧಕ್ಕೆ ಕೊಡತಿಯ ನಾಲ್ಕು ಪೆಟ್ಟು. ಪೆಟ್ಟು ಹತ್ತಾದರೆ ಪಕ್ಕದ ಹಲಗೆ ಸೀಳುವ ಭಯ, ಪೆಟ್ಟೇ ಬೇಡವಾದರೆ ಆ ಕೂಡಿಕೆಗೆ ಮರ್ಯಾದೆ ಇಲ್ಲ.

ಇಷ್ಟು ಬಿಗಿಯಾಗಿ ಕೂಡಿಸಿದ ಮರ ಮಳೆಗಾಲದಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ಮಲೆನಾಡಿನಲ್ಲಿ ಕೇಳಲೇಬೇಕಾದ್ದು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆಷಾಢದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಉಪ್ಪಿನ ಮರಿಗೆ ನೀರೊಡೆಯುತ್ತದೆ, ಪುಸ್ತಕದ ರಟ್ಟಿಗೆ ಬೂಷ್ಟು. ಕಡಿದು ಎಷ್ಟು ವರ್ಷವಾದರೂ ಮರ ತೇವ ಕುಡಿದು ಹಿಗ್ಗುವುದು, ಬೇಸಿಗೆಯಲ್ಲಿ ಕುಗ್ಗುವುದು ಬಿಡುವುದಿಲ್ಲ. ಆದರೆ ಹಿಗ್ಗುವುದು ಅಗಲಕ್ಕೆ, ಉದ್ದಕ್ಕಲ್ಲ. ಒಂಬತ್ತಂಗುಲದ ಹಲಗೆ ಚೈತ್ರಕ್ಕೂ ಶ್ರಾವಣಕ್ಕೂ ಸುಮಾರು ಒಂದು ನೂಲು ವ್ಯತ್ಯಾಸ ತೋರಿಸಬಹುದು. ಐದಡಿಯ ಉದ್ದದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಈಗ ಕಪಾಟನ್ನು ನೋಡಿ. ಪಕ್ಕದ ಹಲಗೆಯ ಎಳೆ ಮೇಲಿಂದ ಕೆಳಗೆ, ಅಡ್ಡ ಹಲಗೆಯ ಎಳೆ ಎಡದಿಂದ ಬಲಕ್ಕೆ. ಎರಡೂ ಹಿಗ್ಗುವುದು ಗೋಡೆಯಿಂದ ನಮ್ಮ ಕಡೆಗೆ, ಆಳದ ದಿಕ್ಕಿಗೆ. ಒಟ್ಟಿಗೇ ಹಿಗ್ಗುತ್ತವೆ, ಒಟ್ಟಿಗೇ ಕುಗ್ಗುತ್ತವೆ, ಕೂಡಿಕೆಗೆ ನೋವಿಲ್ಲ. ಇದನ್ನು ಆಚಾರ್ರು ಒಂದು ಮಾತಿನಲ್ಲೂ ವಿವರಿಸಲಿಲ್ಲ. ಯಾಕೆ ಹೀಗೆ ಅಂದದ್ದಕ್ಕೆ “ಮತ್ತೆ ಹೆಂಗೆ ಮಾಡ್ತಾರೆ?” ಎಂದು ನನ್ನನ್ನೇ ಕೇಳಿದರು.

ಬೆನ್ನಿನ ವಿಷಯ ಹಾಗಲ್ಲ. ಬೆನ್ನಿಲ್ಲದ ಕಪಾಟು ಪಕ್ಕಕ್ಕೆ ಓಲಾಡುತ್ತದೆ. ಅಗಲವಾದ ಹಲಗೆಗಳನ್ನು ಒತ್ತೊತ್ತಾಗಿ ಬಡಿದರೆ ಮೊದಲ ಮಳೆಗೇ ಒಂದನ್ನೊಂದು ನೂಕಿ ಸೆಟೆಯುತ್ತವೆ. ಮೂರು ನೂಲು ದಪ್ಪದ, ನಾಲ್ಕಂಗುಲ ಅಗಲದ ಪಟ್ಟಿಗಳನ್ನು ಮೇಲಿಂದ ಕೆಳಗೆ ನಿಲ್ಲಿಸಿ, ಎರಡು ಪಟ್ಟಿಗಳ ನಡುವೆ ಒಂದು ನೂಲು ಸಂದು ಬಿಟ್ಟು, ಪ್ರತಿ ಅಡ್ಡ ಹಲಗೆಗೂ ಪಟ್ಟಿಯ ನಟ್ಟನಡುವೆ ಒಂದೇ ಮೊಳೆ ಹೊಡೆದರು. ಪಟ್ಟಿಗೆ ಎರಡೂ ಕಡೆ ಹಿಗ್ಗಲು ಜಾಗ ಸಿಕ್ಕಿತು. ಸಂದಿನಲ್ಲಿ ಗಾಳಿಯಾಡಿ ಪುಸ್ತಕದ ಬೆನ್ನೂ ಒಣಗಿರುತ್ತದೆ. ಪ್ಲೈವುಡ್ಡಿನ ಒಂದು ಹಾಳೆ ಬಡಿದಿದ್ದರೆ ಗಳಿಗೆಯಲ್ಲಿ ಮುಗಿಯುತ್ತಿತ್ತು, ಗಟ್ಟಿಯೂ ಆಗುತ್ತಿತ್ತು. ಆದರೆ ಈ ಹವೆಯಲ್ಲಿ ಮುಚ್ಚಿದ ಬೆನ್ನು, ಅದಕ್ಕಿಂತ ಹೆಚ್ಚಾಗಿ ಮುಚ್ಚಿದ ಗಾಜಿನ ಬಾಗಿಲು, ಬೂಷ್ಟಿಗೆ ಕರೆದು ಕೊಟ್ಟ ಆಮಂತ್ರಣ. ಬಾಗಿಲು ಬೇಡವೆಂದು ನಾನೂ ಆಚಾರ್ರೂ ಒಂದೇ ಮಾತಿಗೆ ಒಪ್ಪಿದ್ದೆವು.

ಕೂಡಿಸುವ ದಿನ ಕೈಗೊಬ್ಬ ಬೇಕು, ನೆರೆಮನೆಯ ಹುಡುಗ ಬಂದ. ಕಚ್ಚಿಗೆ ತೆಳ್ಳಗೆ ಫೆವಿಕಾಲ್ ಸವರಿದರು. ಹಿಂದೆ ಇದೇ ಕೆಲಸಕ್ಕೆ ದನದ ಚರ್ಮ, ಗೊರಸು ಕುದಿಸಿ ಮಾಡಿದ ಮರವಜ್ರವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿಕೊಳ್ಳುತ್ತಿದ್ದರಂತೆ. 1959ರಲ್ಲಿ ಈ ಬಿಳಿ ಅಂಟು ಬಂದಮೇಲೆ ಆ ವಾಸನೆ ಬಡಗಿಗಳ ಮನೆ ಬಿಟ್ಟಿತು. ಆರೂ ಹಲಗೆಗಳನ್ನು ಒಂದು ಪಕ್ಕಕ್ಕೆ ನಿಲ್ಲಿಸಿ, ಇನ್ನೊಂದು ಪಕ್ಕವನ್ನು ಮೇಲಿಂದ ಹೊಂದಿಸಿ, ನಡುವೆ ಒಂದು ಮರದ ತುಂಡು ಇಟ್ಟು ಅದರ ಮೇಲೆ ಕೊಡತಿ. ಆಮೇಲೆ ಸುತ್ತ ತೆಂಗಿನ ಹಗ್ಗ ಬಿಗಿದು, ಹಗ್ಗದೊಳಗೆ ಕೋಲು ತೂರಿಸಿ ತಿರುಪಿದರು. ಹಗ್ಗ ಹುರಿಗಟ್ಟಿದಷ್ಟೂ ಕೂಡಿಕೆ ಮುಚ್ಚುತ್ತ ಬಂತು, ಅಂಟು ಸಣ್ಣ ಮಣಿಗಳಾಗಿ ಹೊರಗೆ ಬಂತು. ಈಗ ಒಂದು ದಾರ. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಹಿಡಿದು ಗಂಟು, ಅದೇ ದಾರವನ್ನು ಇನ್ನೊಂದು ಓರೆಗೆ ಹಿಡಿದರೆ ಗಂಟು ಒಂದು ಬೆರಳು ಆಚೆಗೆ ಹೋಯಿತು. ಉದ್ದವಿದ್ದ ಓರೆಯ ಮೂಲೆಗೆ ಹುಡುಗನ ಕೈಯಲ್ಲಿ ಒತ್ತಿಸಿದರು. ಮತ್ತೆ ದಾರ. ಗಂಟಿಗೆ ಗಂಟು ಕೂಡಿತು, ಮೂಲೆಗಳು ನೆಟ್ಟಗಾದವು.

ಕಡೆಗೆ ಬೈರಿಗೆ. ಪಕ್ಕದಿಂದ ಪ್ರತಿ ಅಡ್ಡ ಹಲಗೆಯ ತುದಿಗೆ ಎರಡೆರಡು ತೂತು, ಅದಕ್ಕೆ ಒಣಗಿದ ಬಿದಿರಿನ ಮೊಳೆ. ಕಬ್ಬಿಣದ ಮೊಳೆ ಈ ತೇವಕ್ಕೆ ತುಕ್ಕು ಕಾರಿ ಮರಕ್ಕೆ ಕಪ್ಪು ಕಲೆ ಬಿಡುತ್ತದೆ, ಬಿದಿರು ಬಿಡುವುದಿಲ್ಲ. ಹೊರಗೆ ಉಳಿದ ತಲೆಯನ್ನು ಗರಗಸದಲ್ಲಿ ಕೊಯ್ದು, ಸಣ್ಣ ಹತ್ತರಿಯನ್ನು ಒಮ್ಮೆ ಆಡಿಸಿದರೆ ಹಳದಿ ಹಲಗೆಯ ಮೇಲೆ ಬಿಳಿಯ ಸಾಲು ಚುಕ್ಕಿ. ಇಡೀ ಕಪಾಟಿನಲ್ಲಿ ಅಲಂಕಾರ ಅನ್ನಬಹುದಾದ್ದು ಅಷ್ಟೇ. ಕುಪ್ಪಳಿಯ ಕವಿಮನೆಯ ಕಂಬಗಳನ್ನು ನೋಡಿದವರಿಗೆ ಮಲೆನಾಡಿನ ಬಡಗಿಯ ಕೈ ಏನು ಬಲ್ಲದು ಎಂದು ಗೊತ್ತಿರುತ್ತದೆ. ಒಂದು ಬಳ್ಳಿ ಕೊರೆಯಲೇ ಎಂದು ಆಚಾರ್ರು ಕೇಳಿದ್ದೂ ಉಂಟು. ಬೇಡವೆಂದೆ. ಪುಸ್ತಕ ತುಂಬಿದ ಮೇಲೆ ನೋಡಬೇಕಾದ್ದು ಪುಸ್ತಕ.

ಎಣ್ಣೆ ಕೊಡುವುದು ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ. ಮಾಡಿಗೆ, ಪಕಾಸಿಗೆ ಬಳಿಯುವ ಗೇರೆಣ್ಣೆ ಇಲ್ಲಿಗೆ ಬೇಡ, ಅದು ಕೈ ಸುಡುತ್ತದೆ, ಪುಸ್ತಕಕ್ಕೂ ಅಂಟುತ್ತದೆ. ಬಡಗಿಗಳಿಗಾಗಿ ಅಂಗಡಿಯಲ್ಲಿ ಮಾರುವ ಕಾಯಿಸಿದ ಅಗಸೆ ಎಣ್ಣೆಯನ್ನು ಹಳೆ ಪಂಚೆಯ ತುಂಡಿನಲ್ಲಿ ತೆಳ್ಳಗೆ ತಿಕ್ಕಿ, ಒಣಗಿದ ಮೇಲೆ ಇನ್ನೊಮ್ಮೆ. ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ಪುಸ್ತಕ ಇಡಬಾರದು. ಒಂದು ಎಚ್ಚರ ಮಾತ್ರ ತಪ್ಪಬಾರದು: ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತನ್ನಷ್ಟಕ್ಕೇ ಕಾವೇರಿ ಬೆಂಕಿ ಹತ್ತುತ್ತದೆ. ಬಿಡಿಸಿ ಬಯಲಲ್ಲಿ ಒಣಹಾಕಬೇಕು, ಇಲ್ಲವೇ ನೀರಲ್ಲಿ ಅದ್ದಿಡಬೇಕು. ಕಪಾಟನ್ನು ಗೋಡೆಗೆ ಒತ್ತದೆ ಎರಡಂಗುಲ ಬಿಟ್ಟು ನಿಲ್ಲಿಸುವುದು, ಮಳೆ ಹೊಡೆಯುವ ದಿಕ್ಕಿನ ಗೋಡೆಯನ್ನು ತಪ್ಪಿಸುವುದು, ಬುಡಕ್ಕೆ ಕಲ್ಲಿನ ಚಪ್ಪಡಿ ಕೊಡುವುದು ಇವೆಲ್ಲ ಮಲೆನಾಡಿನವರಿಗೆ ಹೇಳಬೇಕಿಲ್ಲ.

ನವರಾತ್ರಿಗೆ ಮುಂಚೆ ಮುಗಿಸಿಬಿಡುವ ಅವಸರ ಆಚಾರ್ರಿಗಿತ್ತು. ಮೂಲಾ ನಕ್ಷತ್ರದಂದು ಪುಸ್ತಕಗಳನ್ನು ಪೂಜೆಗಿಟ್ಟರೆ ವಿಜಯದಶಮಿಯವರೆಗೆ ನಾವು ಓದುವಂತಿಲ್ಲ. ಮಹಾನವಮಿಗೆ ಹತ್ಯಾರು ಪೂಜೆಗೆ ಕೂತರೆ ಅವರು ಗರಗಸ ಮುಟ್ಟುವಂತಿಲ್ಲ. ಓದುವವರಿಗೂ ಬಡಗಿಗಳಿಗೂ ಒಂದೇ ವಾರ ರಜೆ ಕೊಟ್ಟ ಪಂಚಾಂಗದವರ ಮೇಲೆ ನನಗೆ ಪ್ರೀತಿ.

ಮರ ಹಿಡಿದದ್ದು ಒಟ್ಟು ಎರಡೂವರೆ ಘನ ಅಡಿಯ ಹತ್ತಿರ, ಸವೆದು ಉದುರಿದ್ದೂ ಸೇರಿ. ಹಲಸು ಸಿಗದ ಕಡೆ ಕಾಫಿ ತೋಟದ ಸಿಲ್ವರ್ ಓಕ್ ಆಗಬಹುದು, ಬಯಲುಸೀಮೆಯಲ್ಲಿ ಬೇವು ಆಗಬಹುದು, ಕೆಡವಿದ ಹಳೆಮನೆಯ ತೊಲೆ ಸಿಕ್ಕರೆ ಅದಕ್ಕಿಂತ ಒಣಗಿದ ಮರ ಬೇರೆ ಇಲ್ಲ. ನಿಮ್ಮೂರಲ್ಲಿ ಹತ್ತರಿ ಹಿಡಿಯುವ ಆಚಾರ್ರು ಇನ್ನೂ ಇದ್ದರೆ ಅವರಿಗೆ ಹೇಳಿ ಮಾಡಿಸಿ. ಮರ ಒಣಗಿದೆಯೇ ಎಂದು ಅವರಲ್ಲೇ ಕೇಳಿ, ಇಲ್ಲ ಅಂದರೆ ಮುಂದಿನ ವರ್ಷದವರೆಗೆ ಕಾಯಿರಿ. ಪಕ್ಕದಲ್ಲಿ ನಿಂತು ಯಾವಾಗ ಮುಗಿಯುತ್ತದೆ ಎಂದು ಕೇಳಬೇಡಿ. ಮುಖ್ಯವಾಗಿ, ಒಪ್ಪಂದದ ಲೆಕ್ಕಕ್ಕೆ ಕೊಡಬೇಡಿ, ದಿನಗೂಲಿಗೆ ಮಾಡಿಸಿ. ಒಪ್ಪಂದದ ಕಪಾಟಿನಲ್ಲಿ ಮೊದಲು ಕಾಣೆಯಾಗುವುದು ಕಚ್ಚು.